ನುಸಿ: ಒಂದು ಹೆಸರಿನ ಅರ್ಥ ಮತ್ತು ಬಳಕೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಹೆಗಡೆಕಟ್ಟಾ ಮತ್ತು ಸುತ್ತಲಿನ ಈ ಸೀಮೆಯ ಮಾತು ಮತ್ತು ಬದುಕಿನ ಬಗ್ಗೆ ವರ್ಷಕ್ಕೊಮ್ಮೆ ಒಟ್ಟಿಗೆ ಕೂತು ಯೋಚಿಸಬೇಕು ಎಂಬುದು ಈ ದತ್ತಿಯ ಆಶಯ. ಹಾಡು, ಕತೆ, ಗಾದೆ, ಯಕ್ಷಗಾನಗಳ ಬಗ್ಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಕೆಲಸ ನಡೆದಿದೆ. ಡಾ. ಎಲ್. ಆರ್. ಹೆಗಡೆ, ಡಾ. ಎನ್. ಆರ್. ನಾಯಕ ಅವರಂಥ ವಿದ್ವಾಂಸರು ಹಳ್ಳಿಗಳಿಗೆ ಹೋಗಿ ಜನರ ಬಾಯಲ್ಲಿದ್ದುದನ್ನು ಕೂಡಿಹಾಕಿದರು. ಅವರ ದುಡಿಮೆಗೆ ನಮಸ್ಕರಿಸಿ, ಅದೇ ದಾರಿಯಲ್ಲಿ ಇನ್ನೂ ಯಾರೂ ಹೆಚ್ಚು ತಡೆದು ನಿಲ್ಲದ ಒಂದು ಸಣ್ಣ ಶಬ್ದದ ಹತ್ತಿರ ಇವತ್ತು ನಿಲ್ಲುತ್ತೇನೆ. ಆ ಶಬ್ದ ‘ನುಸಿ’.

ಮಳೆಗಾಲದ ಸಂಜೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯ ಜಗುಲಿಯಲ್ಲಿ ಕೂತರೂ ಈ ಶಬ್ದ ಕಿವಿಗೆ ಬೀಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಅಮ್ಮ ಕೂಗುತ್ತಾಳೆ: “ತಮಾ, ಕೊಟ್ಟಿಗೆಲಿ ನುಸಿ ರಾಶಿ ಆಜು, ಹೊಗೆ ಹಾಕವು.” ಈ ಒಂದು ಮಾತಿನಲ್ಲಿ ಹುಳದ ಹೆಸರಿದೆ, ಅದು ಇರುವ ಜಾಗವಿದೆ, ಎಷ್ಟಿದೆ ಎಂಬ ಅಂದಾಜಿದೆ, ಏನು ಮಾಡಬೇಕು ಎಂಬುದೂ ಇದೆ. ನನ್ನ ಇವತ್ತಿನ ಮಾತಿನ ಸಾರ ಇಷ್ಟೇ: ಊರಿನ ಹೆಸರಿನೊಳಗೆ ಊರಿನವರ ನೋಟ ಕೂತಿದೆ. ಅದನ್ನು ಕಳೆದುಕೊಂಡರೆ ನೋಟವೂ ಮಸುಕಾಗುತ್ತದೆ. ಆದರೆ ಆ ಹೆಸರಿಗೆ ಎಟುಕದ ಸಂಗತಿಗಳೂ ಇವೆ. ಅಲ್ಲಿ ಶಾಸ್ತ್ರದ ಹೆಸರು ಬೇಕೇ ಬೇಕು. ಎರಡನ್ನೂ ಜೋಡಿಸುವ ಕೆಲಸ ನಮ್ಮ ಕಾಲದ್ದು, ಮತ್ತು ಅದು ಜೀವ ಉಳಿಸುವ ಕೆಲಸ.

ಹೆಸರಿನ ಹರಹು

ನುಸಿ ಎಂದರೆ ಏನು? ಈ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಕೇಳಿದರೆ ಒಂದು ಉತ್ತರ, ತೋಟದಲ್ಲಿ ಕೇಳಿದರೆ ಇನ್ನೊಂದು, ಜಗುಲಿಯಲ್ಲಿ ಕೇಳಿದರೆ ಮತ್ತೊಂದು.

ಅಡುಗೆಮನೆಯಲ್ಲಿ ‘ಅಕ್ಕಿಗೆ ನುಸಿ ಹಿಡಿದಿದೆ’ ಎಂದರೆ ಕಾಳನ್ನು ಕೊರೆದು ಹಿಟ್ಟು ಮಾಡುವ ಸಣ್ಣ ಹುಳ. ಬೇಳೆ, ರವೆ, ಹಿಟ್ಟಿನ ಡಬ್ಬಿಯಲ್ಲಿ ಓಡಾಡುವ ಕಣ್ಣಿಗೆ ಕಂಡೂ ಕಾಣದ ಜೀವಗಳಿಗೂ ಅದೇ ಹೆಸರು. ಇವು ಹಾರಿ ಬಂದು ಯಾರನ್ನೂ ಕಚ್ಚುವುದಿಲ್ಲ.

ತೋಟಕ್ಕೆ ಬಂದರೆ ಕೃಷಿ ಇಲಾಖೆಯ ಕನ್ನಡದಲ್ಲಿ ನುಸಿ ಎಂದರೆ ಮೈಟ್. 1998ರ ಹೊತ್ತಿಗೆ ಕೇರಳದ ತೆಂಗಿನ ತೋಟಗಳಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದ ಪೀಡೆಗೆ ‘ನುಸಿಪೀಡೆ’ ಎಂದೇ ಹೆಸರಾಯಿತು. ಎಳೆಗಾಯಿಯ ತೊಟ್ಟಿನ ಕೆಳಗೆ ಸೇರಿ ರಸ ಹೀರಿ, ಕಾಯಿಯ ಮೇಲೆ ಕಂದು ಕಲೆ ಎಬ್ಬಿಸಿ, ಗಾತ್ರ ಕುಗ್ಗಿಸುವ ಜೀವಿ ಅದು. ಅಡಿಕೆಯ ಎಲೆಗಳ ಅಡಿಯಲ್ಲಿ ಬೇಸಿಗೆಯಲ್ಲಿ ಕೂರುವ ಬಿಳಿ ನುಸಿ, ಕೆಂಪು ನುಸಿಗಳನ್ನು ನಮ್ಮ ಬೆಳೆಗಾರರು ಚೆನ್ನಾಗಿ ಬಲ್ಲರು. ಇವು ಜೇಡದ ಬಳಗದವು. ರೆಕ್ಕೆ ಇಲ್ಲ, ರಕ್ತದ ಹಂಬಲವೂ ಇಲ್ಲ.

ಜಗುಲಿಯ ನುಸಿಗೆ ರೆಕ್ಕೆ ಇದೆ, ಅದು ರಕ್ತ ಹೀರುತ್ತದೆ. ಘಟ್ಟದ ಕೆಳಗೆ ಕುಂದಾಪುರದ ಕಡೆ ಹೋದರೆ ನುಸಿ ಎಂದರೆ ನೇರವಾಗಿ ಸೊಳ್ಳೆ. ದಕ್ಷಿಣ ಕನ್ನಡದ ಹವ್ಯಕರ ಮನೆಮಾತಿನಲ್ಲೂ ಹಾಗೆಯೇ. ಅದೇ ಕರಾವಳಿಯ ತುಳುವಿನಲ್ಲಿ ಸೊಳ್ಳೆಗೆ ‘ಉಮಿಲ್’. ಘಟ್ಟದ ಮೇಲೆ ನಮ್ಮಲ್ಲಿ ಸೊಳ್ಳೆ ಎಂಬ ಶಬ್ದವೂ ಇದೆ, ನುಸಿಯೂ ಇದೆ. ಸೊಳ್ಳೆ ಎಂದರೆ ಕಿವಿಯ ಹತ್ತಿರ ಗುಂಯ್ಗುಡುವ ಉದ್ದಕಾಲಿನದು. ಗುಂಪಾಗಿ ಕವಿಯುವ, ಸಣ್ಣಗಿನ, ಸದ್ದಿಲ್ಲದೆ ಕಚ್ಚುವುದೆಲ್ಲ ನುಸಿ. ಕಣ್ಣಿನ ಮುಂದೆ ಸುತ್ತುವ, ಕಚ್ಚದ ಮರಿನೊಣವೂ ಕೆಲವರ ಮಾತಿನಲ್ಲಿ ನುಸಿಯೇ. ಹಳೆ ಮೈಸೂರಿನ ಕಡೆ ಅದಕ್ಕೆ ‘ನೊರಜು’ ಎನ್ನುತ್ತಾರೆ.

ಒಂದು ಶಬ್ದ ಇಷ್ಟು ಕಡೆ ಹರಡಿಕೊಂಡಿರುವುದನ್ನು ಕಂಡು, ಹಳ್ಳಿಯವರಿಗೆ ಹುಳಗಳ ವ್ಯತ್ಯಾಸ ಗೊತ್ತಿಲ್ಲ ಎಂದು ತೀರ್ಮಾನಿಸುವವರಿದ್ದಾರೆ. ಆ ತೀರ್ಮಾನ ತಪ್ಪು. ಈ ಎಲ್ಲ ಬಳಕೆಗಳಲ್ಲೂ ಒಂದು ಎಳೆ ಇದೆ. ನುಸಿ ಎಂದರೆ ಅತಿ ಸಣ್ಣದು, ಒಂದಾಗಿ ಬರದೆ ಹಿಂಡಾಗಿ ಬರುವುದು, ಸಂದಿಯಲ್ಲಿ ತೂರಿ ಒಳಗೆ ಸೇರಿಕೊಳ್ಳುವುದು, ಸೇರಿದಲ್ಲಿ ಹಾನಿ ಮಾಡುವುದು. ಅಕ್ಕಿಯ ಕಾಳಾಗಲಿ, ತೆಂಗಿನ ತೊಟ್ಟಾಗಲಿ, ಮನುಷ್ಯನ ತೊಗಲಾಗಲಿ, ಲಕ್ಷಣ ಒಂದೇ. ಕಾಲೆಷ್ಟು, ರೆಕ್ಕೆಯೆಷ್ಟು ಎಂದು ಎಣಿಸದೆ ಅದು ನಮಗೇನು ಮಾಡುತ್ತದೆ ಎಂಬುದನ್ನು ನೋಡಿ ಇಟ್ಟ ಹೆಸರಿದು.

ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿ ಬಂತು. ಇವೆರಡೂ ನಮ್ಮ ಭಾಷೆಯ ಹೆಮ್ಮೆ. ಆದರೆ ನಿಘಂಟು ಅರ್ಥ ಹೇಳಿ ಮುಗಿಸುವಲ್ಲಿಂದ ಬಳಕೆ ಶುರುವಾಗುತ್ತದೆ. ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ ನಿಂತು ಈ ಶಬ್ದ ಆಡುತ್ತಾರೆ ಎಂಬುದನ್ನು ಊರಿನಲ್ಲೇ ಕೇಳಿ ತಿಳಿಯಬೇಕು.

ಕೊಟ್ಟಿಗೆ, ಹಳ್ಳ, ತೋಟ

ಹಾಗೆ ಕೇಳುತ್ತ ಹೋದರೆ ‘ನುಸಿ’ಯ ಹಿಂದೆ ಒಂದು ಪುಟ್ಟ ಶಬ್ದ ಸೇರಿಕೊಳ್ಳುವುದು ಕಾಣುತ್ತದೆ: ಕೊಟ್ಟಿಗೆಯ ನುಸಿ, ಹಳ್ಳದ ನುಸಿ, ತೋಟದ ನುಸಿ. ಹೆಸರಿಗೆ ಜಾಗವನ್ನು ಅಂಟಿಸಿದ ಕೂಡಲೇ ಹುಳವೇ ಬೇರೆಯಾಗುತ್ತದೆ.

ಮೊದಲು ಕೊಟ್ಟಿಗೆ. ನಮ್ಮ ಸೀಮೆಯ ಕೊಟ್ಟಿಗೆ ಬೆಟ್ಟಕ್ಕೂ ತೋಟಕ್ಕೂ ನಡುವಿನ ಕೊಂಡಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಸೊಪ್ಪು, ಒಣಗಿದ ಎಲೆಯ ದರಕು ದನದ ಕಾಲಡಿ ಹಾಸಾಗಿ, ಸೆಗಣಿ–ಗಂಜಳದಲ್ಲಿ ನೆನೆದು, ಗೊಬ್ಬರಗುಂಡಿಗೆ ಹೋಗಿ, ಕೊನೆಗೆ ಅಡಿಕೆಯ ಬುಡಕ್ಕೆ ಬೀಳುತ್ತದೆ. ತೇವ, ಕೊಳೆತ ಸೊಪ್ಪು, ಸೆಗಣಿ, ಬೆಚ್ಚಗಿನ ದನದ ಮೈ: ಕಚ್ಚುವ ಹುಳಕ್ಕೆ ಇದಕ್ಕಿಂತ ಬೇರೆ ಊರು ಬೇಡ.

ಇಲ್ಲಿನ ಅತಿ ಸಣ್ಣ ನುಸಿಯನ್ನು ಶಾಸ್ತ್ರದಲ್ಲಿ ಕ್ಯುಲಿಕಾಯ್ಡಿಸ್ ಎನ್ನುತ್ತಾರೆ. ಉದ್ದ ಒಂದರಿಂದ ಮೂರು ಮಿಲಿಮೀಟರು. ಸಾಧಾರಣ ಸೊಳ್ಳೆಪರದೆಯ ಕಣ್ಣಿನಲ್ಲಿ ನಿರಾತಂಕವಾಗಿ ತೂರಿ ಬರುತ್ತದೆ. ಕೈ ಮೇಲೆ ಕೂತರೆ ಮಸಿಯ ಚುಕ್ಕೆ ಅನ್ನಿಸುತ್ತದೆ. ಹತ್ತಿರ ಹಿಡಿದು ನೋಡಿದರೆ ರೆಕ್ಕೆಯನ್ನು ಬೆನ್ನ ಮೇಲೆ ಮಡಿಸಿಟ್ಟಿರುತ್ತದೆ, ಆ ರೆಕ್ಕೆಯಲ್ಲಿ ಮಾಸಲು ಮಚ್ಚೆಗಳಿರುತ್ತವೆ. ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಕಚ್ಚಿದ ಕ್ಷಣಕ್ಕೆ ಬೆಂಕಿಯ ಕಿಡಿ ತಾಗಿದ ಹಾಗೆ ಉರಿ, ಆಮೇಲೆ ತುರಿಕೆ. ಮಬ್ಬುಗತ್ತಲಿನ ಹೊತ್ತಿನಲ್ಲಿ ಇದರ ಓಡಾಟ ಹೆಚ್ಚು. ಗಾಳಿ ಬೀಸಿದರೆ ಹಾರಲಾರದು. ಕುರಿಗಳಿಗೆ ನೀಲಿ ನಾಲಿಗೆ ರೋಗ ತರುವುದು ಈ ಜಾತಿಯ ನುಸಿಯೇ.

ಅದೇ ಕೊಟ್ಟಿಗೆಯಲ್ಲಿ ಇನ್ನೊಂದು ನೊಣವಿದೆ. ನೋಡಲು ಮನೆಯ ನೊಣದ ಹಾಗೆಯೇ. ‘ಮಳೆಗಾಲ ಬಂದರೆ ನೊಣವೂ ಕಚ್ಚುತ್ತದೆ’ ಎಂದು ಹಿರಿಯರು ಹೇಳುವ ಮಾತನ್ನು ನೀವು ಕೇಳಿರಬಹುದು. ಮನೆಯ ನೊಣಕ್ಕೆ ಕಚ್ಚುವ ಬಾಯಿಯೇ ಇಲ್ಲ, ಅದು ನೆಕ್ಕಿ ಹೀರುತ್ತದೆ. ಕಚ್ಚುವುದು ಸ್ಟೊಮಾಕ್ಸಿಸ್ ಎಂಬ ಕೊಟ್ಟಿಗೆಯ ನೊಣ. ಅದರ ತಲೆಯ ಮುಂದೆ ಗಟ್ಟಿಯಾದ ಸೂಜಿಯಂಥ ಮೂತಿ ಚಾಚಿಕೊಂಡಿರುತ್ತದೆ. ದನದ ಮುಂಗಾಲಿಗೆ ಕೂತು ಕಚ್ಚುತ್ತದೆ, ದನ ಕಾಲು ಝಾಡಿಸುತ್ತಲೇ ಇರುತ್ತದೆ. ಇದರಲ್ಲಿ ಗಂಡೂ ಕಚ್ಚುತ್ತದೆ, ಹೆಣ್ಣೂ ಕಚ್ಚುತ್ತದೆ. ಕೊಳೆತ ಹುಲ್ಲು, ಸೆಗಣಿಯಲ್ಲಿ ಇದರ ಸಂತಾನ. ಇದಕ್ಕಿಂತ ದೊಡ್ಡದಾದ, ಹಗಲು ಬಿಸಿಲಿನಲ್ಲಿ ಎಮ್ಮೆ–ದನಗಳ ಬೆನ್ನಿಗೆ ಬಂದು ಕೂರುವ ನೊಣ ಟಬಾನಸ್. ಅದು ಸೂಜಿ ಚುಚ್ಚುವುದಿಲ್ಲ, ತೊಗಲನ್ನು ಕತ್ತರಿಸಿ ಒಸರಿದ ರಕ್ತ ನೆಕ್ಕುತ್ತದೆ. ಹಾಗಾಗಿ ಅದು ಎದ್ದುಹೋದ ಮೇಲೂ ಅಲ್ಲೊಂದು ರಕ್ತದ ಹನಿ ಉಳಿಯುತ್ತದೆ. ದನ, ಕುದುರೆಗಳಿಗೆ ಸರ್ರಾ ಎಂಬ ರೋಗ ದಾಟಿಸುವುದು ಇದೇ ಕುಲ.

2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದ ಕೊಟ್ಟಿಗೆಗಳಿಗೆ ನುಗ್ಗಿದಾಗ ಈ ಎಲ್ಲ ಹುಳಗಳೂ ಒಮ್ಮೆಲೇ ಸುದ್ದಿಗೆ ಬಂದವು. ಮೈತುಂಬ ಗಂಟು ಎದ್ದು, ಜ್ವರ ಬಂದು, ಹಾಲು ಬತ್ತಿ ನಿಂತ ದನಗಳನ್ನು ಕಂಡವರು ಆ ವರ್ಷವನ್ನು ಮರೆಯಲಾರರು. ರೋಗ ಹರಡುವುದು ಸೊಳ್ಳೆ, ಕಚ್ಚುವ ನೊಣ ಮತ್ತು ಉಣ್ಣೆ, ಅಂದರೆ ಉಣುಗುಗಳಿಂದ ಎಂದು ಪಶುವೈದ್ಯರು ಹೇಳಿದರು. ಯಾವ ನೊಣ, ಎಲ್ಲಿ ಹುಟ್ಟುವುದು, ಯಾವ ಹೊತ್ತಿಗೆ ಕಚ್ಚುವುದು ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ ಎಂದು ಆಗ ಎಲ್ಲರಿಗೂ ತಿಳಿಯಿತು.

ಎರಡನೆಯದು ಹಳ್ಳ. ಇಲ್ಲಿಂದ ಯಾಣದ ಕಡೆ ಹೋಗುವ ದಾರಿಯಲ್ಲಿ ಹಳ್ಳಗಳಿಗೆ ಬರವಿಲ್ಲ. ಹರಿವ ನೀರಿನ ಕಲ್ಲಿಗೆ ಅಂಟಿಕೊಂಡು ಬೆಳೆಯುವ ಹುಳವೊಂದಿದೆ, ಸಿಮ್ಯುಲಿಯಂ. ರೆಕ್ಕೆ ಮೂಡಿದ ಮೇಲೆ ಗೂನುಬೆನ್ನಿನ ಪುಟ್ಟ ಕರಿನೊಣ. ಹಗಲಲ್ಲೇ ಕಚ್ಚುತ್ತದೆ. ಕಚ್ಚಿದಲ್ಲಿ ಕೆಂಪು ಚುಕ್ಕೆ ಬಿಟ್ಟುಹೋಗುತ್ತದೆ. ನಿಂತ ನೀರಿನಲ್ಲಿ ಹುಟ್ಟುವ ಹುಳ ಬೇರೆ, ಹರಿವ ನೀರಿನಲ್ಲಿ ಹುಟ್ಟುವ ಹುಳ ಬೇರೆ ಎಂಬ ಭೇದವನ್ನು ‘ಹಳ್ಳದ ನುಸಿ’ ಎಂಬ ಮಾತು ತನ್ನಷ್ಟಕ್ಕೆ ಹೇಳಿಬಿಡುತ್ತದೆ.

ಮೂರನೆಯದು ತೋಟ. ಅಡಿಕೆಯ ಹಾಳೆ ಅಂಗಾತ ಬಿದ್ದರೆ ದೋಣಿಯಾಗಿ ಮಳೆನೀರು ನಿಲ್ಲುತ್ತದೆ. ಆ ನೀರಿನಲ್ಲಿ, ಮರದ ಪೊಟರೆಯಲ್ಲಿ, ಎಸೆದ ಡಬ್ಬಿಯಲ್ಲಿ ಬೆಳೆಯುವುದು ಕಾಲಿಗೆ ಬಿಳಿ ಪಟ್ಟೆಯ ಈಡಿಸ್ ಸೊಳ್ಳೆ. ಹಗಲು ಕಚ್ಚುತ್ತದೆ, ಡೆಂಗಿ ಹರಡುತ್ತದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಇಳಿಯುವಾಗ, ಹೆಂಗಸರು ಹಾಳೆ ಹೆಕ್ಕುವಾಗ ತೊಡೆ, ಮೊಣಕಾಲಿಗೆ ಮುತ್ತುವ ‘ತೋಟದ ನುಸಿ’ಯಲ್ಲಿ ಇದರ ಪಾಲು ದೊಡ್ಡದು. ಹಾಳೆ ಹೆಕ್ಕಿ ತೋಟ ಚೊಕ್ಕ ಇಡುವ ಹಳೆಯ ರೂಢಿ ಮರೆಯಾಗುತ್ತಿರುವ ಈ ದಿನಗಳಲ್ಲಿ ಡೆಂಗಿ ಹಳ್ಳಿಗೆ ಬಂದದ್ದನ್ನು ನಾವು ಗಂಭೀರವಾಗಿ ಯೋಚಿಸಬೇಕು.

ಒಂದೇ ‘ನುಸಿ’ಯ ಅಡಿಯಲ್ಲಿ ಹೀಗೆ ನಾಲ್ಕೈದು ಬೇರೆ ಬೇರೆ ಕುಲಗಳು ಬರುತ್ತವೆ. ಎಲ್ಲಕ್ಕೂ ಹುಟ್ಟುವ ಜಾಗ ಒಂದೇ ಅಲ್ಲ, ಕಚ್ಚುವ ಹೊತ್ತೂ ಒಂದೇ ಅಲ್ಲ. ಊರಿನ ಮಾತು ಕುಲವನ್ನು ಹೇಳದಿದ್ದರೂ ಜಾಗವನ್ನು ಹೇಳುತ್ತದೆ. ಜಾಗ ಹೇಳಿದರೆ ಮದ್ದಿನ ಅರ್ಧ ದಾರಿ ಕ್ರಮಿಸಿದಂತೆ.

ಹೊಗೆಯ ವಿವೇಕ

ಹೆಸರಿನ ಜೊತೆಗೇ ಬರುವ ಕ್ರಿಯೆ ‘ಹೊಗೆ ಹಾಕುವುದು’. ಕೊಟ್ಟಿಗೆಯ ಬಾಗಿಲ ಹತ್ತಿರ ಹಳೆಯ ಬಾಣಲೆಯಲ್ಲೋ ಮಡಕೆಯ ಓಡಿನಲ್ಲೋ ಕೆಂಡ ಇಟ್ಟು, ಮೇಲೆ ಒಣ ಅಡಿಕೆ ಸಿಪ್ಪೆ ಹಾಕಿ, ಅದರ ಮೇಲೆ ಹಸಿ ಲಕ್ಕಿಸೊಪ್ಪು ಮುಚ್ಚುತ್ತಾರೆ. ಸಿಪ್ಪೆ ಉರಿದುಹೋಗದೆ ನಿಧಾನಕ್ಕೆ ಹೊಗೆಯಾಡುತ್ತದೆ, ಹಸಿಸೊಪ್ಪು ಆ ಹೊಗೆಯನ್ನು ದಟ್ಟವಾಗಿಸುತ್ತದೆ. ಇದರಲ್ಲಿ ಮೂರು ತಿಳುವಳಿಕೆಗಳಿವೆ. ಹೊತ್ತು: ಸೂರ್ಯ ಇಳಿಯುವ ಮೊದಲು. ಗಾಳಿ: ಯಾವ ಕಡೆಯಿಂದ ಬೀಸುತ್ತದೆ ನೋಡಿ ಆ ಕಡೆ ಕೆಂಡ ಇಡಬೇಕು. ಅಳತೆ: ದನ ಕೆಮ್ಮುವಷ್ಟು ಆಗಬಾರದು. ಸಣ್ಣ ನುಸಿ ಗಾಳಿಗೆ ಅಂಜುತ್ತದೆ, ಮಬ್ಬಿನಲ್ಲಿ ಹೊರಡುತ್ತದೆ ಎಂದು ಕೀಟಶಾಸ್ತ್ರ ಹೇಳುವುದಕ್ಕೆ ಬಹಳ ಹಿಂದೆಯೇ ಈ ಕ್ರಮ ರೂಢಿಯಲ್ಲಿತ್ತು.

ಹೊಗೆಯನ್ನು ನಾನು ಕೊಂಡಾಡಲು ಹೊರಟಿಲ್ಲ. ಮುಚ್ಚಿದ ಮನೆಯೊಳಗೆ ದಿನವೂ ಹೊಗೆ ಕುಡಿಯುವುದು ಹೆಂಗಸರ, ಮಕ್ಕಳ ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಗಡಿಯ ಕಾಯಿಲ್ ಹಚ್ಚಿ ಕದ ಮುಚ್ಚಿ ಮಲಗುವುದೂ ಅಷ್ಟೇ ಕೆಟ್ಟದ್ದು. ಹೊಗೆ ಹಾಕುವವಳು ತನ್ನ ಶತ್ರುವಿನ ನಡೆಯನ್ನು ಬಲ್ಲಳು. ಕಾಯಿಲ್ ಹಚ್ಚುವವನಿಗೆ ಶತ್ರು ಯಾರೆಂಬುದೇ ಗೊತ್ತಿರಬೇಕೆಂದಿಲ್ಲ. ಜಾಹೀರಾತಿನ ಕನ್ನಡ ಎಲ್ಲ ಕಚ್ಚುವ ಹುಳವನ್ನೂ ‘ಸೊಳ್ಳೆ’ ಎಂಬ ಒಂದೇ ಚೀಲಕ್ಕೆ ತುಂಬಿತು. ಆ ಚೀಲ ಶಾಲೆಗೂ ಬಂತು, ಮನೆಗೂ ಬಂತು. ಪರದೆ ಕಟ್ಟಿಯೂ ಕಚ್ಚುತ್ತದಲ್ಲ ಎಂದು ಗೊಣಗುವ ಹುಡುಗನಿಗೆ, ಅದು ಸೊಳ್ಳೆಯಲ್ಲ ನುಸಿ, ಅದಕ್ಕೆ ಈ ಪರದೆಯ ಕಣ್ಣು ದೊಡ್ಡದಾಯಿತು, ಫ್ಯಾನು ಹಾಕು ಎಂದು ಹೇಳುವ ಅಜ್ಜಿ ಬೇಕು. ಅಜ್ಜಿಯ ಶಬ್ದ ಹೋದರೆ ಆ ಬುದ್ಧಿಮಾತೂ ಹೋಗುತ್ತದೆ.

ಹೆಸರು ಬೇರೆ ದೇಶಗಳಲ್ಲಿ

ಊರಿನ ಹೆಸರು ಊರಿನಿಂದ ಊರಿಗೆ ಬದಲಾಗುವುದು ನಮ್ಮ ಭಾಷೆಯೊಂದರ ಹಣೆಬರಹವಲ್ಲ. ಇಂಗ್ಲಿಷಿನ ‘ಸ್ಯಾಂಡ್‌ಫ್ಲೈ’ ಶಬ್ದವನ್ನೇ ನೋಡಿ. ನ್ಯೂಜಿಲೆಂಡಿನಲ್ಲಿ ಅದು ಹರಿವ ನೀರಿನಲ್ಲಿ ಹುಟ್ಟುವ ಕರಿನೊಣ, ನಮ್ಮ ಹಳ್ಳದ ನುಸಿಯ ನೆಂಟ. ಆಸ್ಟ್ರೇಲಿಯಾದಲ್ಲಿ ಅದೇ ಶಬ್ದ ನಮ್ಮ ಕೊಟ್ಟಿಗೆಯ ಸಣ್ಣ ನುಸಿಯ ಕುಲಕ್ಕೆ. ಭಾರತದ ವೈದ್ಯಕೀಯ ಪುಸ್ತಕಗಳಲ್ಲಿ ಅದು ಫ್ಲೆಬೊಟೊಮಸ್, ಬಿಹಾರದಲ್ಲಿ ಕಾಲಾ ಅಜಾರ್ ಹರಡುವ ನೊಣ. ಒಂದು ಭಾಷೆ, ಒಂದು ಶಬ್ದ, ಮೂರು ದೇಶ, ಮೂರು ಹುಳ. ಇಂಗ್ಲಿಷ್ ಆಡುವವರನ್ನು ಯಾರೂ ಈ ಕಾರಣಕ್ಕೆ ತಿಳಿಗೇಡಿಗಳೆಂದು ಕರೆಯಲಿಲ್ಲ. ನಮ್ಮವರನ್ನೂ ಕರೆಯಬೇಕಿಲ್ಲ. ಈ ಗೊಂದಲ ಎಲ್ಲ ಭಾಷೆಗೂ ಇರುವುದರಿಂದಲೇ ಲಿನೇಯಸ್ ಅವರ ಎರಡು ಪದದ ಹೆಸರುಗಳನ್ನು ಜಗತ್ತು ಒಪ್ಪಿಕೊಂಡಿತು. ಪ್ರಾಣಿಗಳ ಹೆಸರಿಗೆ ಅವರ 1758ರ ಗ್ರಂಥವೇ ಆರಂಭದ ಗೆರೆ. ಆ ಹೆಸರುಗಳು ಊರಿನ ಹೆಸರುಗಳನ್ನು ಅಳಿಸಲು ಬಂದವಲ್ಲ. ಊರುಗಳ ನಡುವೆ ಮಾತು ಸಾಗಲು ಹಾಕಿದ ಸೇತುವೆ ಅವು.

ಹೆಸರಿನ ಮಿತಿ

ಈಗ ಇನ್ನೊಂದು ಮಗ್ಗುಲು. ಊರಿನ ಹೆಸರು ಕಚ್ಚಿದ್ದನ್ನು ಹೇಳುತ್ತದೆ, ಕಚ್ಚಿದ ಮೇಲೆ ದೇಹದೊಳಗೆ ನಡೆಯುವುದನ್ನು ಹೇಳುವುದಿಲ್ಲ. ಈ ಮಿತಿಗೆ ನಮ್ಮ ಜಿಲ್ಲೆ ದೊಡ್ಡ ಬೆಲೆ ತೆತ್ತಿದೆ.

ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಚಳಿಜ್ವರದ ಸೀಮೆ ಎಂದೇ ಹೆಸರಿತ್ತು. 1883ರಲ್ಲಿ ಅಚ್ಚಾದ ಮುಂಬಯಿ ಪ್ರೆಸಿಡೆನ್ಸಿಯ ಕೆನರಾ (ಇಂದಿನ ಉತ್ತರ ಕನ್ನಡ) ಗೆಜೆಟಿಯರಿನಲ್ಲೂ ಈ ಸೀಮೆಯ ಜ್ವರದ ಮಾತು ಬರುತ್ತದೆ. ಜ್ವರಕ್ಕೆ ಕಾರಣ ಕೆಟ್ಟ ನೀರು, ಕಾಡಿನ ಗಾಳಿ ಎಂದು ಎಲ್ಲರೂ ನಂಬಿದ್ದರು. ವೈದ್ಯರೂ ಹಾಗೆಯೇ ನಂಬಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ ಮೇಲೆ ಗಾಳಿಯ ಮೇಲಿದ್ದ ಅಪವಾದ ಸೊಳ್ಳೆಯ ಮೇಲೆ ಬಂತು.

ಎಲ್ಲ ಸೊಳ್ಳೆಯೂ ಅಪರಾಧಿಯಲ್ಲ. ಮಲೆನಾಡಿನ ಮಲೇರಿಯಾಕ್ಕೆ ಮುಖ್ಯ ಕಾರಣ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಕೊಳಚೆ ಅದಕ್ಕೆ ಬೇಡ. ನಿಧಾನವಾಗಿ ಹರಿಯುವ ತಿಳಿನೀರು, ಹುಲ್ಲಿನಂಚಿನ ಹಳ್ಳ, ಝರಿ ಅದರ ತವರು. ಮಲೆನಾಡಿನವರು ಹೆಮ್ಮೆಪಡುವ ಸ್ಫಟಿಕದಂಥ ನೀರಿನಲ್ಲೇ ಅದು ಹುಟ್ಟುತ್ತಿತ್ತು. ಗೋಡೆಯ ಮೇಲೆ ಬಾಲದ ಕಡೆ ಎತ್ತಿ ಓರೆಯಾಗಿ ಕೂರುವ ಭಂಗಿಯಿಂದ ಅನಾಫಿಲಿಸನ್ನು ಗುರುತಿಸಬಹುದು. ‘ನುಸಿ’ ಎಂಬ ಶಬ್ದವಾಗಲಿ ‘ಸೊಳ್ಳೆ’ ಎಂಬ ಶಬ್ದವಾಗಲಿ ಈ ಒಂದು ಜಾತಿಯನ್ನು ಬೇರೆಮಾಡಿ ತೋರಿಸಲಿಲ್ಲ. ತೋರಿಸಲು ಸೂಕ್ಷ್ಮದರ್ಶಕ ಬೇಕಿತ್ತು.

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಆಗಿನ ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಮತ್ತು ಕೀಟಶಾಸ್ತ್ರಜ್ಞ ಟಿ. ರಾಮಚಂದ್ರರಾವ್ ಅವರು ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗೆ ಡಿಡಿಟಿ ಸಿಂಪಡಿಸಿ ಮಲೇರಿಯಾ ಹಿಮ್ಮೆಟ್ಟಿಸುವ ಕೆಲಸ ನಡೆಸಿದರು. ಗ್ರಾಮೀಣ ಭಾರತದಲ್ಲಿ ಈ ಬಗೆಯ ಕೆಲಸಕ್ಕೆ ದಾರಿ ತೋರಿದ ಮೊದಲ ಪ್ರಯತ್ನಗಳಲ್ಲಿ ಇದೊಂದು. 1953ರಲ್ಲಿ ಇಡೀ ದೇಶಕ್ಕೆ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ನಮ್ಮ ಜಿಲ್ಲೆಯ ಜಗುಲಿ, ಕೊಟ್ಟಿಗೆಗಳು ಅದಕ್ಕೆ ಮೊದಲೇ ಪ್ರಯೋಗಶಾಲೆಯಾಗಿದ್ದವು. ಈ ಚರಿತ್ರೆಯನ್ನು ನಮ್ಮ ಮಕ್ಕಳು ಓದಬೇಕು. ಸರಿಯಾದ ಹುಳವನ್ನು ಸರಿಯಾದ ಹೆಸರಿನಿಂದ ಗುರುತಿಸಿದ್ದರಿಂದ ಎಷ್ಟೋ ಮನೆಗಳ ದೀಪ ಉಳಿಯಿತು.

ಉಣುಗು ಮತ್ತು ಮಂಗನ ಕಾಯಿಲೆ

ಎರಡನೆಯ ಪಾಠ ಇನ್ನೂ ಹತ್ತಿರದ್ದು, ಇನ್ನೂ ಮುಗಿಯದ್ದು. ಉಣುಗು ನೊಣದ ಜಾತಿಯಲ್ಲ, ಅದಕ್ಕೆ ರೆಕ್ಕೆಯಿಲ್ಲ. ಆದರೂ ನುಸಿಯ ಮಾತಾಡುವಾಗ ಅದನ್ನು ಬಿಡುವಂತಿಲ್ಲ. ಬೆಟ್ಟಕ್ಕೆ ಹೋಗಿ ಬಂದವರು ‘ನುಸಿ ಕಚ್ಚಿರಬೇಕು’ ಎಂದು ತುರಿಸಿಕೊಂಡು ಸುಮ್ಮನಾಗುವಲ್ಲೇ ಅಪಾಯ ಇದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತವು, ಜನರೂ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸನ್ನು ಪತ್ತೆಮಾಡಿದರು. ಹರಡುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು ಎಂದು ಗೊತ್ತಾಯಿತು. ಜನ ಇಟ್ಟ ಹೆಸರು ‘ಮಂಗನ ಕಾಯಿಲೆ’. ಕಣ್ಣಿಗೆ ಕಂಡದ್ದು ಸತ್ತ ಮಂಗ, ಆದ್ದರಿಂದ ಆ ಹೆಸರು ಸಹಜ. ಆದರೆ ಆ ಹೆಸರು ನಮ್ಮ ಕಣ್ಣನ್ನು ಮರದ ಮೇಲಕ್ಕೆ ತಿರುಗಿಸಿತು. ಕಚ್ಚುವ ಜೀವ ನೆಲದ ದರಕಿನಲ್ಲಿತ್ತು. ಮಂಗವೂ ನಮ್ಮ ಹಾಗೆ ಅದರ ಬಲಿಪಶು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲವನ್ನು ಅಪಾಯದ ಜಾಗವಾಗಿಸುತ್ತವೆ. ಸತ್ತ ಮಂಗದ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಎನ್ನುವುದು ಇದಕ್ಕೇ. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದಿಲ್ಲ. ಜ್ವರ ಬಂದ ಮನೆಯನ್ನು ದೂರವಿಡುವುದು ಅನ್ಯಾಯ.

ಇಲ್ಲೂ ಕಾಲದ ಲೆಕ್ಕವಿದೆ. ಮಳೆ ನಿಂತ ಮೇಲೆ ಮರಿಗಳು, ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಪ್ಸರೆ (ನಿಂಫ್) ಹಂತದ ಸಣ್ಣ ಉಣುಗುಗಳು. ಜನರಿಗೆ ಹೆಚ್ಚು ರೋಗ ದಾಟಿಸುವುದು ಈ ಎರಡನೆಯ ಹಂತ. ಎಳ್ಳುಕಾಳಿಗಿಂತ ಚಿಕ್ಕದು. ಮೊಟ್ಟೆಯೊಡೆದ ಮರಿಗೆ ಕಾಲು ಆರೇ, ಮುಂದಿನ ಹಂತಕ್ಕೆ ಎಂಟು. ದನದ ಕಿವಿಯಲ್ಲಿ, ಕೆಚ್ಚಲಿನಲ್ಲಿ ಹುರುಳಿಕಾಳಿನಂತೆ ಉಬ್ಬಿ ನೇತಾಡುವುದನ್ನು ಮಾತ್ರ ಉಣುಗು ಎಂದು ಬಲ್ಲವನಿಗೆ, ತನ್ನ ಸೊಂಟದ ಪಟ್ಟಿಯಡಿ ಕೂತ ಆ ಕಣ್ಣಿಗೆ ಕಾಣದ ಚುಕ್ಕೆಯೂ ಉಣುಗೇ ಎಂದು ಹೊಳೆಯುವುದಿಲ್ಲ. ಅದನ್ನು ಅವನು ನುಸಿಯ ಲೆಕ್ಕಕ್ಕೆ ಹಾಕುತ್ತಾನೆ. ದರಕು ಗುಡಿಸುವ, ಸೊಪ್ಪು ಕಡಿಯುವ, ದನ ಮೇಯಿಸುವ ಕೆಲಸ ಬಿದ್ದಿರುವುದೂ ಇದೇ ತಿಂಗಳುಗಳಲ್ಲಿ.

ಕರಪತ್ರಗಳಲ್ಲಿ ‘ಉಣ್ಣೆ’ ಎಂದು ಅಚ್ಚಾಗುವುದುಂಟು. ಉಣ್ಣೆ ಸರಿಯಾದ ಕನ್ನಡವೇ. ಆದರೆ ಶಾಲೆಯ ಮಗುವಿಗೆ ಉಣ್ಣೆ ಎಂದರೆ ಕುರಿಯ ತುಪ್ಪಟ, ಚಳಿಯ ಸ್ವೆಟರು. ಮಲೆನಾಡಿನ ಬಾಯಲ್ಲಿರುವುದು ಉಣುಗು. ಎಚ್ಚರಿಕೆಯ ಮಾತು ಜನರ ಶಬ್ದದಲ್ಲೇ ಇರಬೇಕು, ಮತ್ತು ಆ ಶಬ್ದದ ಅರ್ಥವನ್ನು ಒಂದು ಹೆಜ್ಜೆ ಅಗಲ ಮಾಡಬೇಕು: ‘ದನದ ಮೈಮೇಲೆ ಕಾಣುವ ದೊಡ್ಡ ಉಣುಗು ಮಾತ್ರವಲ್ಲ, ದರಕಿನಲ್ಲಿ ನುಸಿಯಂತೆ ಕಾಣುವ ಮರಿ ಉಣುಗು ಇನ್ನೂ ಅಪಾಯ.’ ಊರಿನ ಹೆಸರಿಗೆ ಶಾಸ್ತ್ರದ ತಿಳುವಳಿಕೆ ಸೇರುವುದು ಹೀಗೆ. ಬೆಟ್ಟಕ್ಕೆ ಹೋಗುವ ಮುನ್ನ ಡೆಪಾ ತೈಲ ಹಚ್ಚಿ, ಮೈ ಮುಚ್ಚುವ ಬಟ್ಟೆ ತೊಟ್ಟು, ಮರಳಿದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ ಎಂಬ ಸೂಚನೆ ಆಗ ಮಾತ್ರ ಮನೆಯೊಳಗೆ ಬರುತ್ತದೆ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲ್ಲೂಕು ಈ ಕಾಯಿಲೆಯಿಂದ ಪಟ್ಟ ಪಾಡು ನಮ್ಮೆಲ್ಲರಿಗೂ ನೆನಪಿದೆ. ದಶಕಗಳ ಕಾಲ ಬಳಸಿದ ಲಸಿಕೆಯನ್ನು ನಿಲ್ಲಿಸಲಾಗಿದೆ. ಹೊಸದು ಕೈಗೆ ಸಿಗುವವರೆಗೆ ನಮ್ಮ ಮುಖ್ಯ ರಕ್ಷಣೆ ತಿಳುವಳಿಕೆ. ಅದು ಅರ್ಥವಾಗುವ ಮಾತಿನಲ್ಲಿ ಬರಬೇಕು ಎಂದು ಕೇಳುವ ಹಕ್ಕು ನಮಗಿದೆ.

ಮಾಡಬೇಕಾದ ಕೆಲಸ

ಇಷ್ಟು ಹೇಳಿದ ಮೇಲೆ ಮೂರು ಕೋರಿಕೆಗಳನ್ನು ಈ ಸಭೆಯ ಮುಂದಿಡುತ್ತೇನೆ.

ಮೊದಲನೆಯದು ಶಾಲೆಗಳಿಗೆ. ಮಕ್ಕಳು ತಂತಮ್ಮ ಮನೆಯ ಹಿರಿಯರನ್ನು ಕೇಳಿ ಕಚ್ಚುವ ಹುಳಗಳ ಹೆಸರಿನ ಒಂದು ಪಟ್ಟಿ ಮಾಡಲಿ. ನುಸಿ, ಸೊಳ್ಳೆ, ನೊಣ, ತೊಣಚಿ, ಚಿಗಟ, ತಗಣೆ, ಉಣುಗು, ಇಂಬಳ, ಯಾವುದನ್ನೂ ಬಿಡುವುದು ಬೇಡ. ಪ್ರತಿ ಹೆಸರಿನ ಮುಂದೆ ಯಾರನ್ನು ಕಚ್ಚುತ್ತದೆ, ಯಾವ ಹೊತ್ತಿನಲ್ಲಿ, ಯಾವ ತಿಂಗಳಲ್ಲಿ, ಎಲ್ಲಿ, ಅದಕ್ಕೆ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಬರೆಯಲಿ. ಹವ್ಯಕರ ಮನೆ, ನಾಮಧಾರಿಗಳ ಮನೆ, ಕರೆ ಒಕ್ಕಲಿಗರ ಮನೆ, ಸಿದ್ದಿಯರ ಮನೆ, ಎಲ್ಲರ ಮನೆಯ ಶಬ್ದಗಳೂ ಅದರಲ್ಲಿ ಇರಲಿ. ಕಾಡಿಗೆ ಹೆಚ್ಚು ಹೋಗುವವರ ಬಾಯಲ್ಲಿ ಹೆಚ್ಚು ಭೇದಗಳು ಸಿಗುತ್ತವೆ.

ಎರಡನೆಯದು ಶಾಸ್ತ್ರ ಬಲ್ಲವರಿಗೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಕೀಟಗಳನ್ನು ಓದಿದ ಅಧ್ಯಾಪಕರಿದ್ದಾರೆ. ಮಕ್ಕಳು ಹಿಡಿದು ತಂದ ಹುಳವನ್ನು ಮಸೂರದ ಕೆಳಗಿಟ್ಟು ಊರಿನ ಹೆಸರಿನ ಪಕ್ಕದಲ್ಲಿ ಅದರ ಕುಲದ ಹೆಸರು ಬರೆದುಕೊಟ್ಟರೆ ನಿಘಂಟಿಗೂ ವೈದ್ಯಕೀಯಕ್ಕೂ ಒಮ್ಮೆಗೇ ಉಪಕಾರವಾಗುತ್ತದೆ.

ಮೂರನೆಯದು ಆರೋಗ್ಯ ಮತ್ತು ಪಶುಪಾಲನಾ ಇಲಾಖೆಗಳಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಅಚ್ಚು ಹಾಕುವ ಕರಪತ್ರವನ್ನು ಮೊದಲು ಒಬ್ಬ ಆಶಾ ಕಾರ್ಯಕರ್ತೆಗೆ, ಒಬ್ಬ ದನ ಮೇಯಿಸುವವರಿಗೆ, ಒಬ್ಬ ಅಜ್ಜಿಗೆ ಓದಿ ಹೇಳಿ. ಅವರು ಯಾವ ಶಬ್ದದ ಹತ್ತಿರ ತಡೆದು ನಿಲ್ಲುತ್ತಾರೋ ಅದನ್ನು ಬದಲಿಸಿ. ಇದಕ್ಕೆ ಹೆಚ್ಚು ಹಣ ಬೇಡ, ತಾಳ್ಮೆ ಸಾಕು.

ಒಂದು ಭಾಷೆ ದೊಡ್ಡದಾಗುವುದು ಅದರ ಕಾವ್ಯದಿಂದ ಎನ್ನುತ್ತೇವೆ. ನಿಜ. ಹಾಗೆಯೇ, ದಿನಬೆಳಗಾದರೆ ಮೈಗೆ ತಾಗುವ ಸಂಗತಿಗಳನ್ನು ಅದು ಎಷ್ಟು ಖಚಿತವಾಗಿ ಹೇಳಬಲ್ಲದು ಎಂಬುದರಿಂದಲೂ ಅದರ ಬಲ ಗೊತ್ತಾಗುತ್ತದೆ. ನಮ್ಮ ಮಾತಿಗೆ ಆ ಬಲ ಇತ್ತು, ಇನ್ನೂ ಇದೆ. ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಬರೆದಿಟ್ಟುಕೊಂಡು, ವಿಜ್ಞಾನದ ಜೊತೆ ಕೂಡಿಸಿ ಮಕ್ಕಳ ಕೈಗೆ ಕೊಡೋಣ. ಬರುವ ವರ್ಷದ ದತ್ತಿ ಉಪನ್ಯಾಸದ ಹೊತ್ತಿಗೆ ಹೆಗಡೆಕಟ್ಟಾದ ಮಕ್ಕಳು ತಯಾರಿಸಿದ ಮೊದಲ ಪಟ್ಟಿ ಈ ವೇದಿಕೆಯ ಮೇಲೆ ಬಿಡುಗಡೆಯಾಗಲಿ ಎಂದು ಹಾರೈಸುತ್ತೇನೆ.